ದಹಿ ಹಂಡಿ: ಎಷ್ಟು ಥರ್, ಎಷ್ಟು ವಯಸ್ಸು? ಮುಂಬೈ ಗೋವಿಂದಾ ನಿಯಮಗಳೇನು, ಚಿಯರ್‌ಲೀಡಿಂಗ್‌ನ ಹಂತಗಳು ಕಲಿಸುವುದೇನು? ಇಲ್ಲಿದೆ ಸಂಪೂರ್ಣ ಮಾಹಿತಿ

ಮುಂಬೈ: ಶ್ರೀಕೃಷ್ಣ ಜನ್ಮಾಷ್ಟಮಿಯ ಮರುದಿನ ಮುಂಬೈ ಮತ್ತು ಠಾಣೆಯ ಬೀದಿಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಈ ಸಲ ಎಷ್ಟು ಥರ್? ಮರಾಠಿಯಲ್ಲಿ ‘ಥರ್’ ಎಂದರೆ ಪದರ. ಮೊಸರಿನ ಮಡಿಕೆ ಒಡೆಯಲು ಗೋವಿಂದರು ಕಟ್ಟುವ ಮಾನವ ಗೋಪುರದ ಒಂದೊಂದು ಅಂತಸ್ತಿಗೂ ಇದೇ ಹೆಸರು. ಏಳು ಥರ್ ಆದರೆ ಚಪ್ಪಾಳೆ, ಎಂಟಾದರೆ ಸಿಳ್ಳೆ, ಒಂಬತ್ತಾದರೆ ಟಿವಿ ಕ್ಯಾಮೆರಾಗಳೆಲ್ಲ ಅತ್ತ ತಿರುಗುತ್ತವೆ.

ಆದರೆ ಇನ್ನೊಂದು ಪ್ರಶ್ನೆಯನ್ನು ಕೇಳುವವರು ಕಡಿಮೆ. ಗೋಪುರದ ತುತ್ತತುದಿಯಲ್ಲಿ ನಿಂತಿರುವ ಆ ಪುಟ್ಟ ಗೋವಿಂದನ ವಯಸ್ಸೆಷ್ಟು?

2025ರ ಆಗಸ್ಟ್‌ನಲ್ಲಿ ಹಬ್ಬಕ್ಕೆ ಕೆಲವೇ ದಿನಗಳಿರುವಾಗ ದಹಿಸರ್‌ನಲ್ಲಿ ಅಭ್ಯಾಸದ ವೇಳೆ ಗೋಪುರದಿಂದ ಬಿದ್ದು 11 ವರ್ಷದ ಬಾಲಕ ಮೃತಪಟ್ಟ. 14 ವರ್ಷಕ್ಕಿಂತ ಚಿಕ್ಕವರನ್ನು ಹತ್ತಿಸುವುದಿಲ್ಲ ಎಂದು ರಾಜ್ಯ ಸರ್ಕಾರ ಹೈಕೋರ್ಟ್‌ಗೆ ಮಾತು ಕೊಟ್ಟು ಆಗಲೇ ಎಂಟು ವರ್ಷ ಕಳೆದಿತ್ತು. ಅದೇ ತಿಂಗಳ 16ರಂದು ಠಾಣೆಯಲ್ಲಿ 10 ಥರ್‌ಗಳ ಗೋಪುರ ಕಟ್ಟಿ ವಿಶ್ವದಾಖಲೆಯ ಸಂಭ್ರಮವೂ ನಡೆಯಿತು. ಒಂದೇ ತಿಂಗಳ ಈ ಎರಡು ಸುದ್ದಿಗಳ ನಡುವೆ ಇರುವುದೇ ದಹಿ ಹಂಡಿಯ ಎತ್ತರ ಮತ್ತು ವಯಸ್ಸಿನ ಪ್ರಶ್ನೆ.

ಜಗತ್ತಿನ ಬೇರೆಡೆ ಮನುಷ್ಯರ ಮೇಲೆ ಮನುಷ್ಯರು ಹತ್ತುವ ಆಟಗಳಿಗೆ ಹಂತ, ವಯೋಮಿತಿಗಳ ಸ್ಪಷ್ಟ ಪಟ್ಟಿ ಇದೆ. ಸ್ಪರ್ಧಾತ್ಮಕ ಚಿಯರ್‌ಲೀಡಿಂಗ್ ಅದಕ್ಕೆ ಒಳ್ಳೆಯ ಉದಾಹರಣೆ. ಹಾಗಾದರೆ ಮುಂಬೈನಲ್ಲಿ ನಿಯಮ ಏನಿದೆ, ಏನಿಲ್ಲ? ಮಕ್ಕಳನ್ನು ಪಥಕಕ್ಕೆ ಕಳುಹಿಸುವ ಪೋಷಕರು ಏನನ್ನು ಕೇಳಬೇಕು? ಇಲ್ಲಿದೆ ವಿವರ.

ಏನಿದು ಗೋವಿಂದಾ ಪಥಕ?

ನಮ್ಮ ಕರಾವಳಿಯವರಿಗೆ ಮೊಸರು ಕುಡಿಕೆ ಹೊಸದಲ್ಲ. ಉಡುಪಿಯ ವಿಟ್ಲಪಿಂಡಿಯಲ್ಲೂ ಮಡಿಕೆ ಒಡೆಯುವ ಸಂಭ್ರಮ ಇದ್ದೇ ಇದೆ. ಮುಂಬೈನ ದಹಿ ಹಂಡಿಯ ಮೂಲವೂ ಅದೇ ಕೃಷ್ಣಲೀಲೆ. ವ್ಯತ್ಯಾಸ ಇರುವುದು ಪ್ರಮಾಣದಲ್ಲಿ. ಇಲ್ಲಿ ಬಡಾವಣೆ ಬಡಾವಣೆಗೂ ‘ಪಥಕ’ ಎಂಬ ತಂಡಗಳಿವೆ. ಗುರುಪೂರ್ಣಿಮೆಯಿಂದ ಅಭ್ಯಾಸ ಶುರು. ಹಗಲು ಕೆಲಸ, ಕಾಲೇಜು ಮುಗಿಸಿ ಬಂದ ಯುವಕರು ರಾತ್ರಿ ಮೈದಾನದಲ್ಲೋ ಗಲ್ಲಿಯಲ್ಲೋ ಸೇರಿ ಗೋಪುರ ಕಟ್ಟಿ ಇಳಿಸುತ್ತಾರೆ. ಹಬ್ಬದ ದಿನ ಟ್ರಕ್, ಬಸ್ಸು, ಬೈಕ್‌ಗಳಲ್ಲಿ ಊರೆಲ್ಲ ಸುತ್ತಿ ಒಂದೊಂದು ಆಯೋಜಕರ ಹಂಡಿಯ ಕೆಳಗೂ ಗೋಪುರ ಕಟ್ಟುತ್ತಾರೆ. ಮಡಿಕೆ ಒಡೆಯದೆ ಬರೀ ಥರ್ ಕಟ್ಟಿ ತೋರಿಸಿದರೆ ಅದು ‘ಸಲಾಮಿ’. ಅದಕ್ಕೂ ಬಹುಮಾನವಿದೆ. ಬಹುಮಾನದ ಮೊತ್ತ ಥರ್‌ಗಳ ಸಂಖ್ಯೆಗೆ ತಕ್ಕಂತೆ ಏರುತ್ತದೆ. ದೊಡ್ಡ ಹಂಡಿಗಳಲ್ಲಿ ಅದು ಲಕ್ಷಗಳನ್ನು ಮುಟ್ಟುತ್ತದೆ. ಮಹಿಳೆಯರದೇ ಆದ ಪಥಕಗಳೂ ಈಗ ಹಲವಿವೆ.

2012ರ ಆಗಸ್ಟ್ 10ರಂದು ಜೋಗೇಶ್ವರಿಯ ಜೈ ಜವಾನ್ ಗೋವಿಂದಾ ಪಥಕ 43.79 ಅಡಿ, ಅಂದರೆ 13.34 ಮೀಟರ್ ಎತ್ತರದ ಒಂಬತ್ತು ಥರ್ ಗೋಪುರ ಕಟ್ಟಿ ಗಿನ್ನೆಸ್ ದಾಖಲೆ ಬರೆಯಿತು. ನಾಲ್ಕು ಅಂತಸ್ತಿನ ಕಟ್ಟಡದಷ್ಟು ಎತ್ತರ ಅದು. ಅಲ್ಲಿಂದಾಚೆಗೆ ಮುಂಬೈ ಮಹಾನಗರದ ಪಥಕಗಳ ಕಣ್ಣು ಹತ್ತನೇ ಥರ್ ಮೇಲೆ ನೆಟ್ಟಿತ್ತು.

ಮೇಲೆ ಹತ್ತುವವರು ಮಕ್ಕಳೇ ಏಕೆ?

ಗೋಪುರದ ಲೆಕ್ಕ ಸರಳ. ತಳದಲ್ಲಿ ಗಟ್ಟಿಮುಟ್ಟಾದ ಹಿರಿಯರು ಭುಜಕ್ಕೆ ಭುಜ ಕೊಟ್ಟು ವೃತ್ತಾಕಾರವಾಗಿ ನಿಲ್ಲುತ್ತಾರೆ. ಅವರ ಸುತ್ತ ಹೊರಗಿನಿಂದ ಒತ್ತಿ ಹಿಡಿಯುವ ದೊಡ್ಡ ಗುಂಪು ಇರುತ್ತದೆ. ಮೇಲೆ ಹೋದಂತೆ ಜನ ಕಡಿಮೆಯಾಗುತ್ತಾರೆ, ತೂಕವೂ ಕಡಿಮೆಯಾಗಬೇಕು. ಕೊನೆಯ ಥರ್‌ಗಳಿಗೆ ಬರುವಾಗ ಒಬ್ಬರ ಮೇಲೆ ಒಬ್ಬರೇ. ತುದಿಯವರ ಒಂದೊಂದು ಕೆಜಿ ತೂಕವೂ ಕೆಳಗಿನ ಎಲ್ಲ ಥರ್‌ಗಳ ಮೇಲೆ ಬೀಳುತ್ತದೆ. ಹೀಗಾಗಿ ತುದಿಗೆ ಬೇಕಾಗುವುದು ಹಗುರವಾದ, ಚುರುಕಾದ, ಭಯವಿಲ್ಲದ ಮೈ. ಅದು ಸಿಗುವುದು ಮಕ್ಕಳಲ್ಲಿ.

ಅಂದರೆ, ತಂಡದಲ್ಲಿ ವಯಸ್ಸು ಮತ್ತು ಅನುಭವ ಅತಿ ಕಡಿಮೆ ಇರುವವರೇ ಅತಿ ಹೆಚ್ಚು ಎತ್ತರದಲ್ಲಿ ನಿಲ್ಲುತ್ತಾರೆ. ಥರ್ ಒಂದು ಹೆಚ್ಚಾದರೆ ಕೆಳಗಿನವರಿಗೆ ಹೆಚ್ಚುವುದು ಭಾರ, ಮೇಲಿನ ಮಗುವಿಗೆ ಹೆಚ್ಚುವುದು ಬೀಳುವ ದೂರ. 20 ಅಡಿ ಎತ್ತರದಿಂದ ನೇರವಾಗಿ ಬಿದ್ದರೆ ನೆಲ ಮುಟ್ಟುವಾಗ ವೇಗ ಗಂಟೆಗೆ ಸುಮಾರು 39 ಕಿ.ಮೀ. 40 ಅಡಿಯಿಂದಾದರೆ ಸುಮಾರು 56 ಕಿ.ಮೀ. ಎತ್ತರ ದುಪ್ಪಟ್ಟಾದರೆ ಅಪ್ಪಳಿಸುವ ಶಕ್ತಿಯೂ ದುಪ್ಪಟ್ಟು. ಕೆಳಗಿರುವ ಜನರ ಕೈಗಳು ಎಷ್ಟೋ ಮಕ್ಕಳನ್ನು ಉಳಿಸುತ್ತವೆ ನಿಜ. ಆದರೆ ಗೋಪುರ ಯಾವ ಕಡೆಗೆ ಕುಸಿಯುತ್ತದೆ ಎಂದು ಮೊದಲೇ ಹೇಳಲಾಗದು.

ಅದಕ್ಕಾಗಿಯೇ ದಹಿ ಹಂಡಿಯಲ್ಲಿ ಎತ್ತರದ ವಿವಾದವನ್ನೂ ವಯಸ್ಸಿನ ವಿವಾದವನ್ನೂ ಬೇರೆ ಬೇರೆಯಾಗಿ ನೋಡಲು ಸಾಧ್ಯವಿಲ್ಲ.

ಕೋರ್ಟ್‌ಗಳು ಹೇಳಿದ್ದೇನು?

ಈ ವಿಷಯ ಮೂರು ವರ್ಷಗಳ ಕಾಲ ಬಾಂಬೆ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ನಡುವೆ ಓಡಾಡಿತು. ಪ್ರಮುಖ ಘಟ್ಟಗಳು ಹೀಗಿವೆ:

* ಆಗಸ್ಟ್ 2014: ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ವಿಚಾರಣೆ ನಡೆಸಿದ ಬಾಂಬೆ ಹೈಕೋರ್ಟ್, 18 ವರ್ಷದೊಳಗಿನವರು ಭಾಗವಹಿಸುವಂತಿಲ್ಲ, ಗೋಪುರ 20 ಅಡಿ ಮೀರುವಂತಿಲ್ಲ ಎಂದು ಆದೇಶಿಸಿತು. ಕೆಲವೇ ದಿನಗಳಲ್ಲಿ ಸುಪ್ರೀಂ ಕೋರ್ಟ್ ಈ ನಿರ್ಬಂಧಗಳಿಗೆ ತಡೆ ನೀಡಿತು. ಆ ವರ್ಷದ ಹಬ್ಬದಲ್ಲಿ 12 ವರ್ಷದೊಳಗಿನವರಿಗೆ ಮಾತ್ರ ಅವಕಾಶವಿರಲಿಲ್ಲ.

* 2015: ಮಹಾರಾಷ್ಟ್ರ ಸರ್ಕಾರ ದಹಿ ಹಂಡಿಯನ್ನು ಸಾಹಸ ಕ್ರೀಡೆ ಎಂದು ಘೋಷಿಸಿತು.

* ಆಗಸ್ಟ್ 2016: 18 ವರ್ಷ ಮತ್ತು 20 ಅಡಿ ಮಿತಿಯನ್ನು ಸಡಿಲಿಸಲು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಪಥಕಗಳ ಮನವಿಯೂ ತಿರಸ್ಕೃತವಾಯಿತು.

* ಆಗಸ್ಟ್ 2017: ಸುಪ್ರೀಂ ಕೋರ್ಟ್ ಪ್ರಕರಣವನ್ನು ಹೊಸದಾಗಿ ವಿಚಾರಿಸುವಂತೆ ಹೈಕೋರ್ಟ್‌ಗೆ ಮರಳಿಸಿತು. ಎತ್ತರದ ಮಿತಿ ಹೇರುವುದು ಶಾಸಕಾಂಗದ ವ್ಯಾಪ್ತಿಗೆ ಬರುವ ವಿಷಯ ಎಂದ ಹೈಕೋರ್ಟ್ 20 ಅಡಿ ನಿರ್ಬಂಧ ಹೇರಲಿಲ್ಲ. 14 ವರ್ಷದೊಳಗಿನವರಿಗೆ ಅವಕಾಶ ಕೊಡುವುದಿಲ್ಲ, ಸುರಕ್ಷತಾ ಕ್ರಮ ಪಾಲಿಸಲಾಗುವುದು ಎಂಬ ಸರ್ಕಾರದ ಹೇಳಿಕೆಯನ್ನು ದಾಖಲಿಸಿಕೊಂಡಿತು.

14 ಎಂಬ ಅಂಕಿ ಎಲ್ಲಿಂದ ಬಂತು? 1986ರ ಬಾಲಕಾರ್ಮಿಕ ಕಾಯ್ದೆಯಲ್ಲಿ ‘ಮಗು’ ಎಂದರೆ 14 ವರ್ಷ ತುಂಬದವರು. ಸರ್ಕಾರ ಅದನ್ನೇ ಆಧಾರವಾಗಿ ಇಟ್ಟುಕೊಂಡಿತು. ಅಂದರೆ ಈ ವಯಸ್ಸು ಬಂದದ್ದು ಕಾರ್ಮಿಕ ಕಾನೂನಿನಿಂದ. ಎಷ್ಟನೇ ವಯಸ್ಸಿನ ಮೈ ಎಷ್ಟು ಎತ್ತರಕ್ಕೆ ಸಿದ್ಧವಾಗಿರುತ್ತದೆ ಎಂಬ ಕ್ರೀಡಾ ಲೆಕ್ಕಾಚಾರದಿಂದ ಅಲ್ಲ.

ಒಟ್ಟಾರೆ ಹೇಳುವುದಾದರೆ, ಮುಂಬೈನಲ್ಲಿ ಈಗ ವಯಸ್ಸಿಗೆ ಒಂದು ಗೆರೆ ಇದೆ, ಎತ್ತರಕ್ಕೆ ಗೆರೆ ಇಲ್ಲ. ಇವೆರಡನ್ನೂ ಜೋಡಿಸುವ ಏಣಿಯಂತೂ ಇಲ್ಲವೇ ಇಲ್ಲ. ನಾಲ್ಕು ಥರ್ ಗೋಪುರಕ್ಕೂ ಹತ್ತು ಥರ್ ಗೋಪುರಕ್ಕೂ ಕನಿಷ್ಠ ವಯಸ್ಸು ಒಂದೇ.

ಚಿಯರ್‌ಲೀಡಿಂಗ್‌ನಲ್ಲಿ ಹೇಗಿದೆ?

ಚಿಯರ್‌ಲೀಡಿಂಗ್ ಎಂದೊಡನೆ ಬಹುತೇಕರಿಗೆ ನೆನಪಾಗುವುದು 2008ರ ಮೊದಲ ಐಪಿಎಲ್, ಬೌಂಡರಿ ಗೆರೆಯ ಪಕ್ಕದ ನೃತ್ಯ. ಸ್ಪರ್ಧಾತ್ಮಕ ಚಿಯರ್‌ಲೀಡಿಂಗ್ ಬೇರೆಯೇ. ಅದು ಜಿಮ್ನಾಸ್ಟಿಕ್ಸ್‌ನ ಲಾಗ, ಒಬ್ಬರನ್ನೊಬ್ಬರು ಎತ್ತುವ ಸಾಹಸ ಹಾಗೂ ಮಾನವ ಪಿರಮಿಡ್ ಸೇರಿದ ತಂಡ ಕ್ರೀಡೆ. ಇದರ ಜಾಗತಿಕ ಸಂಸ್ಥೆ ಇಂಟರ್‌ನ್ಯಾಷನಲ್ ಚಿಯರ್ ಯೂನಿಯನ್‌ಗೆ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2016ರಲ್ಲಿ ತಾತ್ಕಾಲಿಕ, 2021ರಲ್ಲಿ ಪೂರ್ಣ ಮಾನ್ಯತೆ ನೀಡಿದೆ.

ಇಲ್ಲಿಯೂ ಪಾತ್ರಗಳು ಗೋವಿಂದಾ ಪಥಕದಂತೆಯೇ. ಕೆಳಗೆ ಭಾರ ಹೊರುವವರು ‘ಬೇಸ್’, ಹಿಂದೆ ನಿಂತು ಬೀಳದಂತೆ ಕಾಯುವವರು ‘ಸ್ಪಾಟರ್’, ಮೇಲೆ ಹೋಗುವವರು ‘ಫ್ಲೈಯರ್’. ಆದರೆ ತಂಡವೊಂದು ಅಖಾಡಕ್ಕೆ ಇಳಿಯುವ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ನಿಮ್ಮ ವಯೋ ವಿಭಾಗ ಯಾವುದು? ನಿಮ್ಮ ಕೌಶಲ ಹಂತ ಯಾವುದು?

ವಯೋ ವಿಭಾಗ: ಅಮೆರಿಕದ ಕ್ಲಬ್ ತಂಡಗಳಲ್ಲಿ ಟೈನಿ, ಮಿನಿ, ಯೂತ್, ಜೂನಿಯರ್, ಸೀನಿಯರ್ ಎಂಬ ವಿಭಾಗಗಳಿವೆ. ಟೈನಿ ಎಂದರೆ ಇನ್ನೂ ಒಂದನೇ ತರಗತಿಯ ಆಸುಪಾಸಿನ ಮಕ್ಕಳು. ಅವರಿಗೆ ಆರಂಭಿಕ ಹಂತಗಳಷ್ಟೇ ತೆರೆದಿರುತ್ತವೆ. ವಯಸ್ಸಿಗೆ ಮೇಲ್ಮಿತಿ ಮಾತ್ರವಲ್ಲ, ಹಲವು ವಿಭಾಗಗಳಲ್ಲಿ ಕೆಳಮಿತಿಯೂ ಇದೆ. ತೂಕ ಕಡಿಮೆ ಎಂಬ ಕಾರಣಕ್ಕೆ ಪುಟ್ಟ ಮಗುವನ್ನು ದೊಡ್ಡವರ ತಂಡದ ತುದಿಗೆ ಏರಿಸುವ ಆಸೆಗೆ ಈ ಕೆಳಮಿತಿಯೇ ಕಡಿವಾಣ.

ಕೌಶಲ ಹಂತ: ಅಮೆರಿಕದಲ್ಲಿ 1ರಿಂದ 7ರವರೆಗೆ ಹಂತಗಳಿವೆ. ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ ನಾವಿಸ್, ಇಂಟರ್ಮೀಡಿಯೇಟ್, ಮೀಡಿಯನ್, ಅಡ್ವಾನ್ಸ್‌ಡ್, ಎಲೀಟ್, ಪ್ರೀಮಿಯರ್ ಎಂಬ ಹೆಸರುಗಳಿವೆ. ಏರಿಕೆ ಹೀಗೆ:

* ಮೊದಲ ಹಂತದಲ್ಲಿ ಉರುಳು, ಪಕ್ಕಕ್ಕೆ ಚಕ್ರದಂತೆ ಹೊರಳುವುದು ಮುಂತಾದ ಸರಳ ಕೌಶಲಗಳಷ್ಟೇ. ಎರಡೂ ಕಾಲಿನ ಮೇಲೆ ನಿಂತ ಫ್ಲೈಯರ್‌ಳನ್ನು ಭುಜದ ಮಟ್ಟದವರೆಗೆ ಎತ್ತಬಹುದು.

* ಎರಡನೇ ಹಂತದಲ್ಲಿ ಕೈ ಊರಿ ಹಿಂದಕ್ಕೆ ಲಾಗ ಹಾಕಬಹುದು. ಕೈ ಚಾಚಿ ತಲೆಯ ಮೇಲಕ್ಕೆ ಎತ್ತುವುದೂ ಶುರುವಾಗುತ್ತದೆ.

* ಮೂರು, ನಾಲ್ಕನೇ ಹಂತಗಳಲ್ಲಿ ಕೈ ಊರದೆ ಗಾಳಿಯಲ್ಲಿ ಪಲ್ಟಿ ಹೊಡೆಯಲು ಅವಕಾಶ. ಮೊದಲು ಓಡಿಬಂದು, ನಂತರ ನಿಂತಲ್ಲಿಂದಲೇ.

* ಅದರಾಚೆಗೆ ಗಾಳಿಯಲ್ಲಿ ಮೈ ತಿರುಗಿಸುವ ಪಲ್ಟಿಗಳು, ಕಠಿಣ ಎಸೆತಗಳು.

ಇಲ್ಲಿ ಗಮನಿಸಬೇಕಾದ ಮಾತು ಒಂದಿದೆ. ಅತ್ಯುನ್ನತ ಹಂತದ ವಯಸ್ಕ ತಂಡಗಳಿಗೂ ಪಿರಮಿಡ್‌ನ ಎತ್ತರ ಎರಡೂವರೆ ಆಳಿಗೆ ಸೀಮಿತ. ಅದೂ ವಿಶೇಷ ಮೇಲ್ಮೈಯ ಮೇಲೆ, ಸ್ಪಾಟರ್‌ಗಳ ಕಾವಲಿನಲ್ಲಿ. ಹಂತ ಮೀರಿದ ಸಾಹಸ ತೋರಿಸಿದರೆ ಚಪ್ಪಾಳೆ ಬರಬಹುದು, ಅಂಕ ಮಾತ್ರ ಕಡಿತವಾಗುತ್ತದೆ. ತರಬೇತುದಾರರಿಗೂ ಹಂತಕ್ಕೆ ತಕ್ಕ ಅರ್ಹತಾ ಪತ್ರ ಬೇಕು. ಒಂದು ಹಂತದಲ್ಲಿ ತಪ್ಪಿಲ್ಲದೆ ಮಾಡುವುದು ಅಭ್ಯಾಸವಾದ ಮೇಲೆ ಮುಂದಿನ ಹಂತ. ತಂಡದಲ್ಲಿ ಒಬ್ಬರಿಗೆ ಬಂದರೆ ಸಾಲದು, ತಂಡವೇ ಆ ಹಂತಕ್ಕೆ ಬಂದಿರಬೇಕು.

ಹಾಗಂತ ಅಲ್ಲಿ ಅಪಘಾತವೇ ಇಲ್ಲ ಎಂದಲ್ಲ. ಚಿಯರ್‌ಲೀಡಿಂಗ್‌ನಲ್ಲೂ ತಲೆ, ಕುತ್ತಿಗೆಗೆ ಪೆಟ್ಟಾದ ಉದಾಹರಣೆಗಳಿವೆ. ಈ ಕಠಿಣ ನಿಯಮಗಳು ಹುಟ್ಟಿದ್ದೂ ಅಂಥ ಪೆಟ್ಟುಗಳಿಂದಲೇ.

ಸ್ಪೇನ್‌ನ ‘ಕ್ಯಾಸ್ಟೆಲ್’ ಪಾಠ

ಎರಡೂವರೆ ಆಳೆತ್ತರದ ಆಟಕ್ಕೂ ಹತ್ತು ಥರ್ ಗೋಪುರಕ್ಕೂ ಹೋಲಿಕೆ ಎಲ್ಲಿಂದ ಎಂದು ಪಥಕಗಳು ಕೇಳಬಹುದು. ಆ ಪ್ರಶ್ನೆಯಲ್ಲಿ ಅರ್ಥವಿದೆ. ಮುಂಬೈಗೆ ಸರಿಸಾಟಿ ಹೋಲಿಕೆ ಸಿಗುವುದು ಸ್ಪೇನ್‌ನ ಕ್ಯಾಟಲೋನಿಯಾದಲ್ಲಿ. ಅಲ್ಲಿನ ಮಾನವ ಗೋಪುರಗಳಿಗೆ ‘ಕ್ಯಾಸ್ಟೆಲ್’ ಎಂದು ಹೆಸರು. ಅವೂ ಒಂಬತ್ತು, ಹತ್ತು ಅಂತಸ್ತು ಏರುತ್ತವೆ. ತುದಿಗೆ ಹತ್ತುವುದು ಅಲ್ಲೂ ಮಕ್ಕಳೇ. 2010ರಲ್ಲಿ ಯುನೆಸ್ಕೊ ಇದನ್ನು ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

2006ರಲ್ಲಿ ಮತಾರೊ ಎಂಬಲ್ಲಿ ಗೋಪುರದಿಂದ ಬಿದ್ದ ಬಾಲಕಿಯೊಬ್ಬಳು ಮೃತಪಟ್ಟ ಬಳಿಕ ಮೇಲೆ ಹತ್ತುವ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯವಾಯಿತು. ಕೆಳಗಿನವರ ಭುಜ, ಕತ್ತಿಗೆ ನೋವಾಗದಂಥ ವಿಶೇಷ ಹೆಲ್ಮೆಟ್ ಅದು. ಇನ್ನೂ ಮುಖ್ಯವಾದದ್ದು ಅಂಕ ಕೊಡುವ ರೀತಿ. ತರಗೋನಾದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಸ್ಪರ್ಧೆಯಲ್ಲಿ ಒಂದೊಂದು ಬಗೆಯ ಗೋಪುರಕ್ಕೂ ಕಷ್ಟಕ್ಕೆ ತಕ್ಕ ಅಂಕ ಮೊದಲೇ ನಿಗದಿಯಾಗಿರುತ್ತದೆ. ಎಷ್ಟು ಅಂತಸ್ತು ಎಂಬುದರ ಜೊತೆ ಪ್ರತಿ ಅಂತಸ್ತಿನಲ್ಲಿ ಎಷ್ಟು ಜನ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಗೋಪುರ ಕಟ್ಟಿ ಕುಸಿದರೆ ಕಡಿಮೆ ಅಂಕ, ಎಲ್ಲರೂ ಸುರಕ್ಷಿತವಾಗಿ ಕೆಳಗಿಳಿದರೆ ಪೂರ್ಣ ಅಂಕ. ಹತ್ತಿದಷ್ಟೇ ಮಹತ್ವ ಇಳಿಯುವುದಕ್ಕೂ ಇದೆ.

ಮುಂಬೈನಲ್ಲೇ ಇದೆ ಇನ್ನೊಂದು ಮಾದರಿ

ಉದಾಹರಣೆಗೆ ದೂರ ಹೋಗಬೇಕಾಗಿಯೂ ಇಲ್ಲ. ದಾದರ್‌ನ ಶಿವಾಜಿ ಪಾರ್ಕ್‌ನಲ್ಲಿರುವ ಸಮರ್ಥ ವ್ಯಾಯಾಮ ಮಂದಿರದಲ್ಲಿ ಮಕ್ಕಳು ಮಲ್ಲಕಂಬ ಕಲಿಯುತ್ತಾರೆ. ಅದೂ ಮಣ್ಣಿನ ಆಟವೇ, ಅಲ್ಲೂ ಎತ್ತರ ಇದೆ, ಬೀಳುವ ಭಯ ಇದೆ. ಆದರೆ ಮಲ್ಲಕಂಬ ಸ್ಪರ್ಧೆಗಳು ವಯೋ ವಿಭಾಗದ ಪ್ರಕಾರ ನಡೆಯುತ್ತವೆ. ಮಗು ತನ್ನ ವಯಸ್ಸಿನವರೊಂದಿಗೇ ಸ್ಪರ್ಧಿಸುತ್ತದೆ. ಸಂಪ್ರದಾಯ ಉಳಿಸಿಕೊಂಡೇ ನಿಯಮ ತರಬಹುದು ಎಂಬುದಕ್ಕೆ ಇದೇ ಸಾಕ್ಷಿ.

ಕ್ರೀಡೆ ಎಂದ ಮೇಲೆ ಬದಲಾಗಿದ್ದೇನು?

2022ರ ಆಗಸ್ಟ್‌ನಲ್ಲಿ ಅಂದಿನ ಮುಖ್ಯಮಂತ್ರಿ ಏಕನಾಥ್ ಶಿಂಧೆ ದಹಿ ಹಂಡಿಗೆ ಕ್ರೀಡೆಯ ಸ್ಥಾನಮಾನ ಘೋಷಿಸಿದರು. ಗೋವಿಂದರಿಗೆ ಸರ್ಕಾರಿ ಉದ್ಯೋಗದ ಶೇ 5 ಕ್ರೀಡಾ ಮೀಸಲಾತಿಯ ಭರವಸೆಯೂ ಬಂತು. ಇದಕ್ಕೆ ಉದ್ಯೋಗಾಕಾಂಕ್ಷಿಗಳಿಂದ ವಿರೋಧವೂ ವ್ಯಕ್ತವಾಯಿತು. ಗೋಪುರದಿಂದ ಬಿದ್ದು ಮೃತಪಟ್ಟರೆ ಕುಟುಂಬಕ್ಕೆ 10 ಲಕ್ಷ, ಎರಡು ಕಣ್ಣು ಅಥವಾ ಎರಡು ಅಂಗ ಕಳೆದುಕೊಂಡಂಥ ಗಂಭೀರ ಗಾಯಕ್ಕೆ 7.5 ಲಕ್ಷ, ಒಂದು ಅಂಗ ಕಳೆದುಕೊಂಡರೆ 5 ಲಕ್ಷ ರೂಪಾಯಿ ಪರಿಹಾರ ಪ್ರಕಟವಾಯಿತು. ನಂತರದ ವರ್ಷಗಳಲ್ಲಿ ಸರ್ಕಾರದ ವತಿಯಿಂದ ಗೋವಿಂದರಿಗೆ ವಿಮೆ ಮಾಡಿಸಲಾಗುತ್ತಿದೆ.

2023ರಲ್ಲಿ ವರ್ಲಿಯ ಒಳಾಂಗಣ ಕ್ರೀಡಾಂಗಣದಲ್ಲಿ ಪ್ರೊ ಗೋವಿಂದಾ ಲೀಗ್ ಆರಂಭವಾಯಿತು. ಬೀದಿಯ ಡಾಂಬರು ಬಿಟ್ಟು ಮ್ಯಾಟ್ ಮೇಲೆ, ತೀರ್ಪುಗಾರರ ಎದುರು ಗೋಪುರ ಕಟ್ಟುವ ಪದ್ಧತಿ ಬಂದಿದ್ದು ದೊಡ್ಡ ಬದಲಾವಣೆಯೇ ಸರಿ. ಬೀದಿ ಹಂಡಿಗಳಲ್ಲೂ ತುದಿಯ ಗೋವಿಂದನಿಗೆ ಹೆಲ್ಮೆಟ್, ಸೊಂಟಕ್ಕೆ ಕಟ್ಟಿ ಮೇಲಿಂದ ಹಿಡಿಯುವ ಹಗ್ಗ ಈಗ ಕಾಣಸಿಗುತ್ತವೆ.

ಆದರೆ ಲೀಗ್‌ನಲ್ಲಿ ಆಡುವುದು ಬೆರಳೆಣಿಕೆಯ ತಂಡಗಳು. ಗಲ್ಲಿ ಗಲ್ಲಿಯಲ್ಲಿರುವ ನೂರಾರು ಚಿಕ್ಕ ಪಥಕಗಳ ಕಥೆ ಬೇರೆ. ಹಬ್ಬದ ದಿನ ಆಯೋಜಕರ ವೇದಿಕೆಯಲ್ಲಿ ಹಗ್ಗ, ಹೆಲ್ಮೆಟ್, ಆಂಬುಲೆನ್ಸ್, ಪೊಲೀಸರು ಎಲ್ಲ ಇರುತ್ತಾರೆ. ಅದಕ್ಕೆ ಮುಂಚಿನ ಒಂದೂವರೆ ತಿಂಗಳ ಅಭ್ಯಾಸದಲ್ಲಿ? ದಹಿಸರ್‌ನ ದುರಂತ ನಡೆದಿದ್ದು ಹಬ್ಬದ ದಿನವಲ್ಲ, ಅಭ್ಯಾಸದ ದಿನ ಎಂಬುದನ್ನು ಮರೆಯುವಂತಿಲ್ಲ. ಪರಿಹಾರ, ವಿಮೆ ಎರಡೂ ಬಿದ್ದ ಮೇಲಿನ ಮಾತು. ಬೀಳದಂತೆ ತಡೆಯುವ ಏಣಿ ಇನ್ನೂ ಬರಬೇಕಿದೆ.

ಹಂತ ತರುವುದು ಸಾಧ್ಯವೇ?

ಚಿಯರ್‌ಲೀಡಿಂಗ್‌ನ ಸೂತ್ರವನ್ನು ದಹಿ ಹಂಡಿಗೆ ಅನ್ವಯಿಸಿದರೆ ಚಿತ್ರ ಹೀಗಿರಬಹುದು. ಹೊಸ ಪಥಕಗಳಿಗೆ ಮೊದಲ ವರ್ಷಗಳಲ್ಲಿ ನಾಲ್ಕೈದು ಥರ್ ಮಾತ್ರ. ಅದನ್ನು ಕಟ್ಟಿ, ಕುಸಿಯದೆ ಇಳಿಸಿ ತೋರಿಸಿದ ಮೇಲೆ ಆರಕ್ಕೆ ಅನುಮತಿ. ಥರ್ ಏರಿದಂತೆ ತುದಿಯಲ್ಲಿ ನಿಲ್ಲುವವರ ಕನಿಷ್ಠ ವಯಸ್ಸೂ ಏರಿಕೆ. ಅಭ್ಯಾಸಕ್ಕೂ ಮ್ಯಾಟ್, ಹಗ್ಗ ಕಡ್ಡಾಯ. ಬಹುಮಾನದ ಮೊತ್ತ ಥರ್ ಸಂಖ್ಯೆಯ ಜೊತೆ ಸುರಕ್ಷಿತ ಇಳಿಕೆಗೂ ಹಂಚಿಕೆ.

ಇದರಿಂದ ಪಥಕಗಳಿಗೆ ನಷ್ಟವೇ? ದೊಡ್ಡ ಪಥಕಗಳು ಈಗಾಗಲೇ ಹೀಗೆಯೇ ಬೆಳೆದಿವೆ. ಐದರಿಂದ ಆರಕ್ಕೆ, ಆರರಿಂದ ಏಳಕ್ಕೆ ಹೋಗಲು ಅವು ವರ್ಷಗಳನ್ನೇ ತೆಗೆದುಕೊಂಡಿವೆ. ಆ ಶಿಸ್ತು ಇಲ್ಲದ ಹೊಸ ತಂಡಗಳು ಬಹುಮಾನದ ಮೊತ್ತ ನೋಡಿ ಒಂದೇ ಸಲಕ್ಕೆ ಜಿಗಿಯುವುದೇ ಅಪಾಯ. ಅನುಭವಿ ಪಥಕಗಳು ಬಾಯಿಮಾತಿನಲ್ಲಿ ಪಾಲಿಸುವುದನ್ನು ಎಲ್ಲರಿಗೂ ಬರಹದ ನಿಯಮ ಮಾಡುವುದಷ್ಟೇ ಉಳಿದಿರುವ ಕೆಲಸ.

ಪೋಷಕರೇ, ಇವನ್ನು ತಪ್ಪದೇ ಕೇಳಿ

ಮುಂಬೈ, ಠಾಣೆ, ಡೊಂಬಿವಲಿಯಲ್ಲಿ ನೆಲೆಸಿರುವ ಕನ್ನಡಿಗರ ಮನೆಯ ಮಕ್ಕಳೂ ನೆರೆಹೊರೆಯ ಗೆಳೆಯರ ಜೊತೆ ಪಥಕಕ್ಕೆ ಹೋಗುವುದು ಸಹಜ. ಬೇಡ ಎನ್ನುವ ಮೊದಲು ಅಥವಾ ಹೂಂ ಎನ್ನುವ ಮೊದಲು ಈ ವಿಷಯ ತಿಳಿದುಕೊಳ್ಳಿ:

* ಮಗುವಿಗೆ 14 ತುಂಬಿದೆಯೇ? ತುಂಬಿಲ್ಲದಿದ್ದರೆ ಗೋಪುರ ಹತ್ತುವಂತಿಲ್ಲ. ಅಭ್ಯಾಸಕ್ಕೂ ಬೇಡ. ಡೋಲು, ಲೇಜಿಮ್, ನೀರು ಕೊಡುವ ಕೆಲಸ ಇದ್ದೇ ಇದೆ.

* ಪಥಕ ವಯಸ್ಸಿನ ದಾಖಲೆ ಕೇಳಿತೇ? ಕೇಳದ ಪಥಕದ ಬಗ್ಗೆ ಎಚ್ಚರ.

* ಮಗು ಯಾವ ಥರ್‌ನಲ್ಲಿ ನಿಲ್ಲುತ್ತದೆ? ಹಿಂದಿನ ವರ್ಷ ಈ ತಂಡ ಎಷ್ಟು ಥರ್ ಕಟ್ಟಿ ಇಳಿಸಿತ್ತು, ಈ ವರ್ಷದ ಗುರಿ ಎಷ್ಟು?

* ಅಭ್ಯಾಸದ ವೇಳೆ ಹೆಲ್ಮೆಟ್, ಹಗ್ಗ, ಕೆಳಗೆ ಗಾದಿ ಇದೆಯೇ? ಒಂದು ರಾತ್ರಿ ಹೋಗಿ ಕಣ್ಣಾರೆ ನೋಡಿ.

* ಮಗುವಿನ ಹೆಸರು ವಿಮೆಯ ಪಟ್ಟಿಯಲ್ಲಿದೆಯೇ? ಅಭ್ಯಾಸದ ದಿನಗಳಿಗೂ ವಿಮೆ ಅನ್ವಯಿಸುತ್ತದೆಯೇ?

* ಪೆಟ್ಟಾದರೆ ಯಾವ ಆಸ್ಪತ್ರೆ, ಯಾರ ಗಾಡಿ? ಇದಕ್ಕೆ ತಕ್ಷಣ ಉತ್ತರ ಕೊಡುವ ತಂಡವೇ ತಯಾರಿ ಮಾಡಿಕೊಂಡ ತಂಡ.

* ‘ಇವತ್ತು ಭಯ ಆಗ್ತಿದೆ, ಹತ್ತಲ್ಲ’ ಎಂದು ಮಗು ಹೇಳಿದರೆ ತಂಡದವರು ಒಪ್ಪುತ್ತಾರೆಯೇ?

ಬಿದ್ದ ಮಗುವಿನ ಕತ್ತು, ಬೆನ್ನಿಗೆ ಪೆಟ್ಟಾದ ಅನುಮಾನವಿದ್ದರೆ ಎತ್ತಿ ಕೂರಿಸುವುದು, ನಡೆಸುವುದು ಸರಿಯಲ್ಲ. ಅಲುಗಾಡಿಸದೆ 108ಕ್ಕೆ ಕರೆ ಮಾಡುವುದು ಮೊದಲ ಕೆಲಸ.

ದಹಿ ಹಂಡಿ ಮುಂಬೈನ ಹೆಮ್ಮೆ. ಜಾತಿ, ಭಾಷೆ ನೋಡದೆ ಭುಜ ಕೊಡುವ ಆ ತಳದ ವೃತ್ತದಲ್ಲಿ ನಿಲ್ಲುವ ಖುಷಿಯೇ ಬೇರೆ. ಮಡಿಕೆ ಒಡೆದಾಗ ಎಷ್ಟು ಥರ್ ಎಂದು ಎಣಿಸುವವರು ಸಾವಿರಾರು ಜನ. ಹತ್ತಿದವರೆಲ್ಲ ಇಳಿದರೇ ಎಂದು ಎಣಿಸುವವರೂ ಅಷ್ಟೇ ಇದ್ದರೆ ಈ ಹಬ್ಬ ಇನ್ನೂ ಎತ್ತರಕ್ಕೆ ಏರಬಹುದು.